ಬಹುವಚನ

ಗುರುವಾರ, ಹನ್ನೊಂದರ ಹೊತ್ತಿಗೆ
ಕಸದ ಗಾಡಿಗಳೆಲ್ಲ ಖಾಲಿಯಾಗಿ ಬಂದ ಮೇಲೆ
ಶಿವಮೊಗ್ಗದ ರಾಗಿಗುಡ್ಡದ ಬುಡದಲ್ಲಿ ನಮ್ಮ ಹಲ್ಲಿನ ವ್ಯಾನು.
ಜನರೇಟರ್ ಕೆಮ್ಮುತ್ತಿತ್ತು. ನಾನು ದೀಪ ಹಿಡಿಯುವವಳು.

ಪೆಂಚಲಮ್ಮ ಎರಡು ಸಲ ಸಾಲಿನ ಕೊನೆಗೆ ಹೋದಳು.
ಮೂರನೇ ಸಲ ಒಳಗೆ ಬಂದು
ಕೂರುವ ಮೊದಲೇ ಸೆರಗಿನಿಂದ ಕುರ್ಚಿ ಒರೆಸಿದಳು.
ಯಾರೂ ಹೇಳಿರಲಿಲ್ಲ.

“ಬಾಯಿ ತೆರೆಯಿರಿ” ಅಂದೆ.
ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು.

ನೋಡಿದರು.
ಇದನ್ನು ಬರೆಯುವಾಗಲೂ ನನ್ನ ಪೆನ್ನು
ಏಕವಚನಕ್ಕೇ ಜಾರಿದ್ದು ಈಗ ಕಂಡಿತು.
ಹೊಡೆದುಹಾಕುವುದಿಲ್ಲ, ಇರಲಿ.

ಕೆಳದವಡೆ, ಎಡಗಡೆ: ಎರಡು ಬೇರು ಮಾತ್ರ.
ಆರು ತಿಂಗಳಿಂದ ಲವಂಗ, ಉಪ್ಪುನೀರು, ಮತ್ತೆ ಲವಂಗ;
ಊದಿದ ಕೆನ್ನೆಯಲ್ಲೇ ಮೀನು ಮಾರ್ಕೆಟ್ ಗುಡಿಸಿದ್ದಾರೆ.
ದುರ್ಗಿಗುಡಿಯ ಕ್ಲಿನಿಕ್ಕಿಗೂ ಹೋಗಿದ್ದರಂತೆ ಒಮ್ಮೆ,
ಚಪ್ಪಲಿ ಬಿಡುವ ಜಾಗದಲ್ಲೇ ಕೂರಿಸಿ, ಕೂರಿಸಿ,
ಮಧ್ಯಾಹ್ನ ಬಾಗಿಲು ಹಾಕಿಕೊಂಡರಂತೆ.

ಡಾಕ್ಟರ್ ಹೇಳಿದರು: “ಕಡ್ಡಿಪುಡಿ ಬಿಡಬೇಕಮ್ಮ.”
“ಬಿಡ್ತೀನಿ ಸಾರ್.
ಮೋರಿ ನಾತಕ್ಕೆ ಇನ್ನೇನು ಹಾಕ್ಕೊಳ್ಳಲಿ,
ಅದನ್ನೂ ಬರ್ಕೊಡಿ.”
ಡಾಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು
ಕಾರ್ಡಿನಲ್ಲಿ ಬರೆದರು:
ಸಲಹೆ ನೀಡಲಾಗಿದೆ.

ಒಂದು ಬೇರು ಬಂತು.
ಇನ್ನೊಂದು ಕಷ್ಟ ಕೊಟ್ಟು ಬಂತು.
ಗಡಿಬಿಡಿಯಲ್ಲಿ ನಾನದನ್ನು ಕೆಂಪು ಬುಟ್ಟಿಗೆ ಹಾಕಹೋದೆ.
ಜೋಮು ಹಿಡಿದ ತುಟಿ, ಬಾಯ್ತುಂಬ ಹತ್ತಿ,
ಆದರೂ ಪೆಂಚಲಮ್ಮ ಬೆರಳೆತ್ತಿ ತೋರಿಸಿದರು,
ಹಳದಿ ಚೀಲ.

ಇಲ್ಲಿ ತಪ್ಪಿ ಬಿದ್ದದ್ದು
ನಾಳೆ ಬೆಳಿಗ್ಗೆ ಸಿಗುವುದು ಅವರ ಕೈಗೇ.