ಕಾಲು ತೊಳೀದ ಬಂದವರು

ಧಾರವಾಡದ ಲ್ಯಾಬಿನಾಗ ಹತ್ತೊಂಬತ್ತು ವರ್ಷ
ಗಾಜು ತೊಳದೀನಿ.
ಬದುಕಿದ್ದನ್ನ ದೊಡ್ಡ ಕುಕ್ಕರಿನಾಗ ಹಾಕಿ, ಸೀಟಿ ಹೊಡಿಸಿ,
ಸತ್ತದ್ದನ್ನ ತಿಕ್ಕಿ, ಬೋರಲು ಹಾಕಿ ಒಣಗಸೂದು
ನನ್ನ ನೌಕರಿ.
ಸತ್ತಾವು ಯಾವು, ಎಷ್ಟು,
ಒಂದ ದಿನಾನೂ ಕೇಳಿದಂವ ಅಲ್ಲ.

ಪುಷ್ಯದ ಚಳಿಯಾಗ ಮೆಹಜಬೀನ್ ನದಾಫ
"ಗುರುಶಿದ್ದ ಕಾಕಾ, ಮಾಗಡಿ ಕೆರಿಗೆ ಬರ್ರಿ,
ಬಾಟಲಿ ಹಿಡೀಲಿಕ್ಕೆ ಒಬ್ಬರು ಬೇಕು" ಅಂದಳು.
ಲಕ್ಷ್ಮೇಶ್ವರ ದಾಟಿದಾಗ ಇನ್ನೂ ಮಬ್ಬು.
ಕೆರಿ ತುಂಬ ಹೆಬ್ಬಾತು,
ರಾತ್ರಿಯೆಲ್ಲ ಯಾರದೋ ಹೊಲದಾಗ ಕಡ್ಲಿ ಮೇದು ಬಂದು
ಸಂಭಾವಿತರಂಗ ಕುಂತಿದ್ದವು.
ತಲಿ ಮ್ಯಾಲೆ ಎರಡೆರಡು ಕರೇ ಪಟ್ಟಿ,
ಲೆಕ್ಕ ತಪ್ಪಿದಲ್ಲಿ ಮಾಸ್ತರು ಗೆರಿ ಎಳದಂಗ.

"ಇವು ಹುಟ್ಟೂದು ಹಿಮಾಲಯದ ಆಚೆ ಕಾಕಾ.
ಅಲ್ಲಿ ಕೆಲವು ಕಡೆ ನೆಲ ಅಂದರ ನೆಲ ಅಲ್ಲ,
ಸಾವಿರ ವರ್ಷದ ಹುಲ್ಲು, ಪೂರಾ ಕೊಳೀಲಾರದ
ನೀರಾಗ ಕುಂತು ಕರೇ ಹಾಸಿಗಿ ಆಗೇತಿ.
ಕಾಲಿಟ್ಟರ ನಡಗತೈತಿ.
ಆ ನೀರಿಗೆ ಚಹಾದ ಬಣ್ಣ.
ಅದರೊಳಗಿನ ಸಣ್ಣ ಜೀವ ಇವುಗಳ ಕಾಲಿನ ಕೆಸರಾಗ
ಗುಡ್ಡ ಹಾರಿ ನಮ್ಮ ಎರಿಮಣ್ಣಿಗೆ ಇಳದಾವೇನು?
ಅದ ನನ್ನ ಪ್ರಶ್ನೆ."

ನಾನು ಕಾಲು ನೋಡಿದೆ. ಕಿತ್ತಳಿ ಬಣ್ಣದ ಕಾಲು.
ಅಷ್ಟು ದೂರದಿಂದ ತೊಳಕೊಳ್ಳದ ಬಂದಾವಂದರ
ನಮ್ಮವ್ವ ಬಾಗಿಲಾಗ ನಿಂದರಿಸಿ
ಒಂದು ತಂಬಿಗಿ ನೀರು ಹಾಕತಿದ್ದಳು.

ಹೂಳು ಒಯ್ಯಾಕ ಬಂದ ಫಕ್ಕೀರವ್ವ ನಕ್ಕಳು:
"ಈ ಕೆಸರು ಹಾಕಿದ ವರ್ಷ ನಾವು ಗೊಬ್ಬರ ಕೊಂಡಿಲ್ಲ.
ಬಾಟಲ್ಯಾಗ ಏನ ನೋಡ್ತೀಯವ್ವ,
ಜೋಳದ ತೆನಿಯಾಗ ನೋಡ."

ನೋಡಿದಳು, ಪ್ಲೇಟಿನಾಗ.
ಜುಣಕದ ವಡಿ ಹಂಗ ಗಟ್ಟಿಯಾದ ಅಗಾರು,
ಅದರ ಮ್ಯಾಲೆ ಒಂದು ಹನಿ ಕೆರಿ.
ಎರಡ ದಿನಕ್ಕ ಚುಕ್ಕಿ ಎದ್ದವು:
ಹಳದಿ, ಹಾಲುಬಿಳಿ, ಒಂದು ಮಾತ್ರ ಕುಂಕುಮ.
"ಎಷ್ಟು ಜಾತಿ?"
"ಹನ್ನೆರಡು."
"ಅಷ್ಟನ?"
"ನೂರು ಇದ್ದರ ಒಂದು ಉಣ್ಣತೈತಿ ಕಾಕಾ, ನಮ್ಮ ಖಾನಾವಳ್ಯಾಗ.
ಉಳಿದಾವು ಎಲಿ ಮುಂದ ಕೂಡೂದ ಇಲ್ಲ.
ಹಸಿವಿಲ್ಲಂತ ಅಲ್ಲ.
ಅವರ ಅಡಗಿ ನಮಗ ಬರೂದಿಲ್ಲ."

ಅವತ್ತು ಸಂಜಿಕೆ ಕುಕ್ಕರು ಹಚ್ಚಲಿಕ್ಕೆ ಕೈ ತಡ ಮಾಡ್ತು.

ಉಳಿದ ಕೆಸರು ಚೆಲ್ಲಲಿಲ್ಲ.
ಆಕಿ ಹೇಳಿದಂಗ ಹಳೇ ಪೇಪರು ಹರದು,
ತತ್ತಿ ಸಿಪ್ಪಿ ಕುಟ್ಟಿ, ಚಿಟಿಕಿ ಜಿಪ್ಸಮ್ಮು ಸೇರಿಸಿ,
ಬಾಟಲಿ ಮುಚ್ಚಿ ಬಿಸಿಲ ಕಿಟಕಿಯಾಗ ಇಟ್ಟೆ.
ಪೇಪರಿನಾಗ ಪಾಸಾದವರ ನಂಬರಿತ್ತು,
ಯಾರದೋ ಮೂರನೇ ಪುಣ್ಯತಿಥಿ ಫೋಟೋ ಇತ್ತು,
ನವನಗರದಾಗ ಮಾರಾಟಕ್ಕ ಒಂದು ಸೈಟಿತ್ತು.
ಸಾವಕಾಶ ಎಲ್ಲಾ ತಿಂದವು.

ಎರಡು ತಿಂಗಳಿಗೆ
ತಳದಾಗ ಕಾಡಿಗಿ, ಅದರ ಮ್ಯಾಲೆ ಎಲಿಹಸರು,
ಆಮ್ಯಾಲೆ ನೇರಳಿ, ಅಲ್ಲೊಂದೀಟು ತುಕ್ಕಿನ ಕೆಂಪು.
ಬೆಟಗೇರಿಯೊಳಗ ಅವ್ವ ಹಿಂಗ ಅಂಚು ನೇಯತಿದ್ದಳು.
ಆಕಿ ಲಾಳಿ ಒಗಿಯೋ ಸಪ್ಪಳ ಓಣಿಗೆಲ್ಲ ಕೇಳತಿತ್ತು.
ಇಲ್ಲಿ ಕಿವಿ ಹಚ್ಚಿದರ ಗಾಜು ತಣ್ಣಗ.
ಕೆಳಗಿನವರು ಬಿಟ್ಟ ಕೆಟ್ಟ ವಾಸನಿ
ಮ್ಯಾಲಿನವರ ಊಟ ಅಂತ,
ಮೆಹಜಬೀನ್ ಹೇಳಿದ್ದು.

ಶಿವರಾತ್ರಿ ಮುಗಿದು ಬಿಸಿಲು ಏರಿತು, ಹೆಬ್ಬಾತು ಹೋದವು.
ಆಕಿಯ ವರದಿ ಬಂತು, ಸಾವಿರ ಸಾಲು.
ಅರ್ಧಕ್ಕರ್ಧ ಹೆಸರಿನ ಜಾಗಾ ಖಾಲಿ.
"ಆಚೆಯವರು ಬಂದಾರೇನು?"
"ಬಂದಿರಬಹುದು. ಆಣಿ ಮಾಡಿ ಹೇಳಲಾರೆ."

ತಪಾಸಣಿಯವರು ಬರತಾರ, ಕಿಟಕಿ ಖಾಲಿ ಮಾಡು ಅಂದರು ಸಾಹೇಬರು.
ಕುಕ್ಕರು ಕಾದಿತ್ತು.
ಬಾಟಲಿ ಚೀಲಕ್ಕ ಹಾಕೊಂಡು ಗದಗ ಬಸ್ಸು ಹತ್ತಿದೆ,
ತೊಡಿ ಮ್ಯಾಲೆ ಇಟಗೊಂಡು, ಅಲುಗದಂಗ.
ಅಣ್ಣಿಗೇರಿ ಹತ್ತಿರ ಬಾಜೂದ ಹೆಣ್ಮಗಳು ಮೂಗು ಮುಚ್ಚಿ
"ಏನ್ರೀ ಅದು?" ಅಂದಳು.

ಮಂದಿ, ಅಂದೆ.
ಕೆಲವರು ಮಾಗಡಿಯವರು.
ಉಳಿದವರನ್ನ ಇನ್ನೂ ಕೇಳಿಲ್ಲ.