ಸಡಿಲ ದಾರ

ಬುಧವಾರ ಮಧ್ಯಾಹ್ನದ ಆಟ. ಅರವತ್ತು ದಾಟಿದವರಿಗೆ
ಟಿಕೆಟ್ಟಿನ ಜೊತೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು.
ಹಲ್ ಬಂದರಿನ ಹಿಂದೆ, ಮೀನಿನ ಗೋದಾಮು ಕೆಡವಿ ಕಟ್ಟಿದ
ಹನ್ನೊಂದು ಪರದೆಯ ಚಿತ್ರಮಂದಿರ.
ಏಳನೆಯದರಲ್ಲಿ ನಮ್ಮ ಮನೆ.

ನಮ್ಮ ಮನೆ ಅಂದೆ. ರೂಢಿ.
ಅರವತ್ತೊಂದರ ಚಳಿಗಾಲ, ಆರು ವಾರ,
ಅದರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಮಂಡಿ ಮಡಚಿ ಕೂತವಳು ನಾನು, ಎನಿಡ್ ಪಕರಿಂಗ್,
ಹತ್ತೊಂಬತ್ತು ವರ್ಷ, ದಿನಕ್ಕೆ ಹದಿನೈದು ಶಿಲಿಂಗು.
ಕೆಲಸ: ದೆವ್ವ.

ಕೈಯಲ್ಲಿ ಅಪ್ಪನ ಗಾಳದ ದಾರ,
ಕಾಡ್ ಮೀನಿನ ಒದ್ದಾಟ ತಡೆದ ನೈಲಾನು ಎಳೆ.
ಇನ್ನೊಂದು ತುದಿ ಮೇಲೆ, ಮಕ್ಕಳ ಕೋಣೆಯ ಬಾಗಿಲ
ಹಿತ್ತಾಳೆಯ ಗುಂಡು ಹಿಡಿಗೆ.
ನಿರ್ದೇಶಕ ಗಾರ್‌ಬಟ್ ಬಗ್ಗಿ, ಪಿಸುದನಿಯಲ್ಲಿ:
"ತಿರುಗಿಸಬೇಡ. ತಿರುಗಿಸಲೋ ಬೇಡವೋ ಎಂದು
ಯೋಚನೆ ಮಾಡು. ಅಷ್ಟು ಸಾಕು."
ಯೋಚನೆ ಮಾಡಿದೆ, ಕೂದಲೆಳೆಯಷ್ಟು.
ಐಸ್‌ಲ್ಯಾಂಡಿನ ಅಲೆಗೆ ಎದೆಯೊಡ್ಡಿದ ಗಂಡಸರು
ಆ ಚಿತ್ರ ನೋಡಿ ಬಂದ ರಾತ್ರಿ
ದೀಪ ಆರಿಸದೆ ಮಲಗಿದರು.
ಅದರಲ್ಲಿ ದೆವ್ವ ಕಂಡೇ ಇರಲಿಲ್ಲ.
ಒಂದು ಬಾಗಿಲು. ಒಂದು ಹಿಡಿ. ಆಚೆಗೆ ಯಾರೋ.

ಈಗ ನೋಡಿ.
ಹತ್ತು ನಿಮಿಷ ಆಗಿಲ್ಲ, ಹಿಡಿ ಕಣ್ಣು ಬಿಟ್ಟಿತು.
ಕಣ್ಣಿಂದ ನಾಲಿಗೆ, ನಾಲಿಗೆಯ ತುದಿಗೆ ಇನ್ನೊಂದು ಹಿಡಿ.
ಮೆಟ್ಟಿಲು ಸುರುಳಿ ಸುತ್ತಿಕೊಂಡಿತು,
ಛಾವಣಿ ನೀರಾಗಿ, ನೀರು ಕೈಗಳಾಗಿ,
ಕೈಗಳು ಬೆಂಕಿಯಾಗಿ. ಹಸಿರು ಬೆಂಕಿ, ಯಾಕೋ.
ನಾವು ಕೂತ ಕುರ್ಚಿಯೂ ನಡುಗಿತು;
ಅದಕ್ಕೂ ಮೋಟರು ಇಟ್ಟಿದ್ದಾರೆ.
ಪಕ್ಕದ ಮಾರ್ಲಿನ್ ಸ್ಟಾದರ್ಡ್ ಚಹಾ ಚೆಲ್ಲಿಕೊಂಡು
"ನಿನ್ನ ಮನೆ ಹೀಗಿತ್ತೇನೇ?" ಅಂದಳು.
ಹೆದರುವವರ ಮೇಲೆ ಕಪ್ಪೆ ಎಸೆದರಂತೆ.
ಇವರು ಇಡೀ ಕೊಳವನ್ನೇ ಹೊತ್ತು ತಂದು ಸುರಿದರು.
ಹೆದರುವವರೇ ಇರಲಿಲ್ಲ.
ಮುಂದಿನ ಸಾಲಿನಲ್ಲಿ ಒಬ್ಬಾತ
ಗೊರಕೆ ಹೊಡೆಯುತ್ತಿದ್ದ, ಲಯಬದ್ಧವಾಗಿ.

ಆ ಪುಟ್ಟ ಹುಡುಗಿ ಮಾತ್ರ, ಪಾಪ, ಚೆನ್ನಾಗಿ ಹೆದರಿದಳು.
ಅವಳೆದುರು ಒಂದು ಹಸಿರು ಬಟ್ಟೆ ಬಿಟ್ಟರೆ
ಏನೂ ಇರಲಿಲ್ಲವಂತೆ.
ಏನೂ ಇಲ್ಲದ್ದನ್ನು ಕಂಡವಳು ಅವಳೊಬ್ಬಳೇ.
ನಮಗೂ ಅದನ್ನೇ ತೋರಿಸಿದ್ದರೆ!
ತುಂಬಿಬಿಟ್ಟರು.

ಕೊನೆಗೆ ಹೆಸರುಗಳ ಮೆರವಣಿಗೆ. ಎದ್ದು ಹೋಗದೆ ಎಣಿಸಿದೆ:
ಹೊಗೆಗೆ ಮೂವತ್ತು ಜನ, ಕೂದಲಿಗೆ ಹನ್ನೆರಡು,
ಧೂಳಿಗೇ ಒಬ್ಬ ಮೇಲ್ವಿಚಾರಕಿ.
ನಾನೂರು ದಾಟಿದ ಮೇಲೆ ಲೆಕ್ಕ ತಪ್ಪಿತು.
ನಮ್ಮದರಲ್ಲಿ ನನ್ನ ಹೆಸರು ಇರಲಿಲ್ಲ.
ದೆವ್ವದ ಹೆಸರು ಹಾಕುತ್ತಾರೆಯೇ?

ಮಾರ್ಲಿನ್‌ಗೆ ಹೇಳದ್ದೊಂದಿದೆ. ಯಾರಿಗೂ ಹೇಳಿಲ್ಲ.
ಮೂರನೆಯ ವಾರದ ಗುರುವಾರ,
ಕ್ಯಾಮೆರಾ ಓಡುತ್ತಿತ್ತು. ಚಳಿಗೆ ಬೆರಳು ಮರಗಟ್ಟಿ
ದಾರ ಬಿಟ್ಟು, ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದೆ.
ದಾರ ನನ್ನ ಮಡಿಲಲ್ಲಿ ಸಡಿಲ ಬಿದ್ದಿತ್ತು.
ಮೇಲೆ ಹಿತ್ತಾಳೆ ಕಿರ್ರೆಂದಿತು.
ಮೆಲ್ಲಗೆ. ಒಂದು ಕಾಲು ಸುತ್ತು. ನಿಂತು,
ಮತ್ತೆ ಹಿಂದಕ್ಕೆ.
"ಅದೇ! ಅದೇ!" ಗಾರ್‌ಬಟ್ ಇಳಿದು ಬಂದು
ಐದು ಶಿಲಿಂಗು ಹೆಚ್ಚಿಗೆ ಕೊಟ್ಟ.
"ಹೇಗೆ ಮಾಡಿದೆ?"
"ಅಭ್ಯಾಸ," ಅಂದೆ. ದುಡ್ಡು ತೆಗೆದುಕೊಂಡೆ.
ಅದರಲ್ಲಿ ಉಣ್ಣೆಯ ಕೈಚೀಲ ಕೊಂಡೆ.

ಸವೆದ ಸ್ಪ್ರಿಂಗು ಇರಬಹುದು. ಹಳೆಯ ಕಟ್ಟಡ, ಹಳೆಯ ತಿರುಪು.
ಐವತ್ತೆಂಟು ವರ್ಷದಿಂದ
ಇರಬಹುದು ಎನ್ನುತ್ತಲೇ ಇದ್ದೇನೆ.

ಬಿಸ್ಕತ್ತು ಚೆನ್ನಾಗಿತ್ತು ಎಂದಳು ಮಾರ್ಲಿನ್.
ಹೊರಗೆ ಬರುವಾಗ ಗಾಜಿನ ದೊಡ್ಡ ಬಾಗಿಲು
ನಾವು ಮುಟ್ಟುವ ಮೊದಲೇ ತಾನಾಗಿ ತೆರೆಯಿತು.
ಯಾರೂ ಬೆಚ್ಚಲಿಲ್ಲ.
ನಾನು ಮಾತ್ರ ಒಂದು ಗಳಿಗೆ ನಿಂತು
ನೆಲದ ಮೇಲೆ ದಾರ ಹುಡುಕಿದೆ.