ಕೂದಲ ಮನೆ

ಜೂನ್ ಹತ್ತಿರವಾದಾಗ ಅಪ್ಪ ಡೇರೆ ಹೊರತೆಗೆಯುತ್ತಾನೆ.
ಹತ್ತು ತಿಂಗಳು ಅದು ಬಿದ್ದಿರುತ್ತದೆ
ಕೋಳಿಗೂಡಿನ ಪಕ್ಕ, ಕೆಟ್ಟುನಿಂತ ಪಿಕಪ್ಪಿನ ಹಿಂದೆ,
ಆಡಿನ ವಾಸನೆ ಹೊದ್ದು, ಮುದುಡಿ.
ಕೊಡವಿದರೆ ಒಂದು ಚೇಳು, ಎರಡು ಬ್ಯಾಟರಿ ಸೆಲ್ಲು,
ಹೋದ ವರ್ಷದ ಯಾರದೋ ಕ್ರೀಮಿನ ಮುಚ್ಚಳ.

ವಿದ್ಯಾರ್ಥಿಗಳು ಬರುವ ಮುನ್ನ
ನಮ್ಮ ಸಿಮೆಂಟಿನ ಮನೆಯ ಮುಂದೆ
ಅಜ್ಜನ ಕಾಲದ ಮನೆ ಎದ್ದು ನಿಲ್ಲುತ್ತದೆ:
ಫ್ರಿಜ್ಜಿನ ಗುರುಗುರು ಕೇಳದಷ್ಟು ದೂರ,
ಅಮ್ಮ ತಟ್ಟೆ ಹೊತ್ತು ಬರುವಷ್ಟು ಹತ್ತಿರ.

ಈ ಸಲ ಐದು ಜನ. ಅರಬ್ಬಿ ಕಲಿಯಲು, ಬಾಳು ನೋಡಲು.
ನನ್ನ ಪಾಲಿಗೆ ಬಂದವಳು ಇಲ್ಜೆ, ಲಾಟ್ವಿಯಾದವಳು.
ಭೂಪಟದಲ್ಲಿ ತೋರಿಸಿದಳು:
ಹೆಬ್ಬೆರಳಿಟ್ಟರೆ ಮುಚ್ಚಿಹೋಗುವ ದೇಶ.
ಎರಡೇ ದಿನಕ್ಕೆ ಮೂಗು ಟೊಮೆಟೊ.
ಕೊರಳಿಗೆ ದಾರ, ದಾರಕ್ಕೆ ನೋಟ್‌ಬುಕ್ಕು.
ಇದಕ್ಕೇನಂತೀರಿ ತರ್ಫಾ? ಇದಕ್ಕೆ? ಇದಕ್ಕೆ?
ಗೊರಸು, ಗೂಟ, ಹಗ್ಗ, ಹಗ್ಗದ ಗಂಟು...
ಹೆಸರು ಕೊಟ್ಟೂ ಕೊಟ್ಟೂ ಒಂದು ಮಧ್ಯಾಹ್ನ
ನಮ್ಮ ಮನೆಯೇ ಅಂಗಡಿಯಾದಂತೆ ಕಂಡಿತು ನನಗೆ,
ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ ಹಾಗೆ.

ಕಾಫಿ ಸಾಕಾದರೆ ಬಟ್ಟಲು ಅಲುಗಿಸಬೇಕು.
ಯಾರೂ ಹೇಳಿರಲಿಲ್ಲ ಅವಳಿಗೆ.
ಅಪ್ಪ ಸುರಿದ, ಕುಡಿದಳು. ಸುರಿದ, ಕುಡಿದಳು.
ಒಂಬತ್ತನೆಯದಕ್ಕೆ ತಮ್ಮ ಮತ್ಲಕ್ ಬಿದ್ದೂ ಬಿದ್ದೂ ನಕ್ಕ.
ಆ ರಾತ್ರಿ ಅವಳು ಬೆಳಗಿನವರೆಗೂ ನಕ್ಷತ್ರ ನೋಡಿದ್ದು
ಚೆಂದಕ್ಕಲ್ಲ, ನಿದ್ದೆ ಹತ್ತದೆ.

ಅಜ್ಜಿ ಫಿದ್ದಾ ಮಾತ್ರ ಡೇರೆಯತ್ತ ಸುಳಿಯಲಿಲ್ಲ.
ನೇಯ್ದವಳು ಅವಳೇ, ಏಳು ಚಳಿಗಾಲ,
ನೆಲದ ಮಗ್ಗಕ್ಕೆ ಸೊಂಟ ಬಗ್ಗಿಸಿ.
'ಅದರೊಳಗೆ ನಾಲ್ಕು ಹೆತ್ತಿದ್ದೇನೆ,
ಫೋಟೋ ತೆಗೆಸಿಕೊಂಡಿಲ್ಲ' ಅಂದಳು
ಕಿಟಕಿಯ ಜಾಲರಿಯ ಹಿಂದಿಂದ.

ಹದಿನೆಂಟನೆಯ ರಾತ್ರಿ ಗಾಳಿ ಎದ್ದಿತು.
ಮರಳು ಹಲ್ಲಿಗೆ ಸಿಕ್ಕಿ ಕರಕರ ಎಂದಿತು.
ನಡುಗಂಬ ಮುರಿಯಿತು, ಒಂದು ಅಂಚು ಹರಿದು
ಹಕ್ಕಿಯಾಗಲು ಹವಣಿಸಿತು.
ಐದೂ ಜನ ಚಪ್ಪಲಿ ಬಿಟ್ಟು ಓಡಿಬಂದರು
ಸಿಮೆಂಟಿನ ಮನೆಗೆ.
'ಗಾಳಿಗೆ ಬೆನ್ನು ಕೊಟ್ಟು ಕಟ್ಟಬೇಕು ಮನೆಯನ್ನು!'
ಅಜ್ಜಿ ಅಪ್ಪನ ಮೇಲೆ ಹರಿಹಾಯ್ದಳು,
'ನೀನು ರಸ್ತೆಗೆ ಮುಖ ಮಾಡಿ ಕಟ್ಟಿದೀಯ,
ಬಸ್ಸಿನವರಿಗೆ ಕಾಣಲಿ ಅಂತ.'
ಅಪ್ಪ, ಐವತ್ತರ ಸ್ವೈಲಿಮ್, ಕಾಲ್ಬೆರಳು ನೋಡಿಕೊಂಡ.

ಅಡುಗೆಮನೆಯ ನೆಲದ ಮೇಲೆ ಒತ್ತಿಕೊಂಡು ಕೂತೆವು.
ಟೀವಿಯಲ್ಲಿ ಟರ್ಕಿಯ ಧಾರಾವಾಹಿ. ನಾಯಕಿಗೆ ಕಪಾಳಮೋಕ್ಷ.
ಅಯ್ಯೋ ಎಂದರು ಎಲ್ಲರೂ, ಅವರವರ ಭಾಷೆಯಲ್ಲಿ.
ಅಜ್ಜಿ ಹರಿದ ಅಂಚನ್ನು ಇಲ್ಜೆಯ ಮಡಿಲಿಗೆ ಎಸೆದಳು,
ಗೋಣಿಸೂಜಿಯನ್ನೂ. ಹೊಲಿದಳು. ಬಿಚ್ಚಿಸಿದಳು.
ಮತ್ತೆ ಹೊಲಿದಳು. ಮತ್ತೆ ಬಿಚ್ಚಿಸಿದಳು.

ಕೂದಲಿಗೆ ಶಅರ್, ಕವಿತೆಗೆ ಶಿಅರ್,
ನಮ್ಮ ಭಾಷೆಯಲ್ಲಿ ನಡುವಿನ ಗೋಡೆ ಒಂದೇ ಸ್ವರದಷ್ಟು.
ಕೂದಲ ಮನೆ ಅನ್ನಲು ಹೋಗಿ
ಕವಿತೆಯ ಮನೆ ಅಂದುಬಿಟ್ಟಳು ಇಲ್ಜೆ,
'ನಾನು ಅದನ್ನು ರಿಪೇರಿ ಮಾಡ್ತಿದೀನಿ.'

ಅಜ್ಜಿಯ ಕೈ ನಿಂತಿತು.
ನಗು ಹೊಟ್ಟೆಯಿಂದ ಹೊರಟು ಕೆಮ್ಮಾಗಿ,
ಕೆಮ್ಮು ನಿಂತ ಮೇಲೆ, ಯಾರನ್ನೂ ನೋಡದೆ, ಹೇಳಿದಳು
ಅವಳ ಅವ್ವ ನೀರು ಸೇದುವಾಗ ಕಟ್ಟಿದ್ದನ್ನು:

ಬಾವಿಯೇ, ಆಳವಿದ್ದೇನೆಂದು ಬೀಗಬೇಡ,
ನನ್ನ ಹಗ್ಗಕ್ಕೆ ಹೊಸೆದಿದೆ ನಾಲ್ಕು ತಲೆಮಾರಿನ ಆಡು.

ಇನ್ನೂ ಇತ್ತು. ಬಹಳ ಇತ್ತು.
ಹದಿನೇಳು ವರ್ಷ ಒಂದೇ ಸೂರಿನಡಿ ಮಲಗಿದವಳು,
ನಾನು ಕೇಳಿರಲಿಲ್ಲ.
ಕೇಳಬೇಕೆಂದು ಹೊಳೆದೂ ಇರಲಿಲ್ಲ.
ಇಲ್ಜೆಯ ಕೊರಳಿಗೆ ಕೈಹಾಕಿ ನೋಟ್‌ಬುಕ್ಕು ಎಳೆದುಕೊಂಡೆ.
'ಪೆನ್ನು ಕೊಡು' ಅಂದೆ.

ಆಗಸ್ಟಿನಲ್ಲಿ ಹೊರಟರು. ಹೊಲಿಗೆ ಸೊಟ್ಟಗೇ ಉಳಿದಿದೆ,
ನಾಲ್ಕನೆಯ ಸಲ ಅಜ್ಜಿ ಬಿಚ್ಚಿಸಲಿಲ್ಲ.
ಹನ್ನೊಂದು ಹಾಳೆ ಹರಿದು ನನಗೆ ಕೊಟ್ಟಳು ಇಲ್ಜೆ,
ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ಇಟ್ಟಿದ್ದೇನೆ.

ಹೊರಡುವ ಬೆಳಿಗ್ಗೆ, ಮೂರನೆಯ ಬಟ್ಟಲು ಮುಗಿಸಿ
ಮಣಿಕಟ್ಟು ಸಡಿಲಬಿಟ್ಟು, ಇಲ್ಲೇ ಹುಟ್ಟಿದವಳ ಹಾಗೆ,
ಅಲುಗಿಸಿದಳು.
ಅಪ್ಪ ನೋಡಿದ.
ಕಾಣದವನಂತೆ ಇನ್ನೊಂದು ಸುರಿದ.